ನೀರಿನೊಳಗಿನ ಓಟ

ಮೊಣಕಾಲ ಕೆಳಗಿನ ಎಲುಬು ಬಿರುಕು ಬಿಟ್ಟ ಮೇಲೆ ಸುಪ್ರೀತಾ ಓಡುತ್ತಿದ್ದದ್ದು ಈಜುಕೊಳದಲ್ಲಿ. ಸೊಂಟಕ್ಕೆ ತೇಲುವ ಬೆಲ್ಟ್ ಕಟ್ಟಿಕೊಂಡು, ಕಾಲು ನೆಲಕ್ಕೆ ತಾಗದಂತೆ ಆಳದ ನೀರಿನಲ್ಲಿ ಓಡಬೇಕು. ಎಷ್ಟು ಓಡಿದರೂ ಎದುರಿನ ಗೋಡೆ ಹತ್ತಿರ ಬಂದಂತೆ ಅನಿಸುವುದಿಲ್ಲ.

ದಿನಾ ಬೆಳಿಗ್ಗೆ, ಪಕ್ಕದ ಮೈದಾನದಲ್ಲಿ ಕೋಚ್ ಮೊದಲ ವಿಸಿಲ್ ಊದುವ ಹೊತ್ತಿಗೆ, ಅವಳದೇ ಓಟದ ತಂಡದ ಲವೀನಾ ಬಂದು ಕೊಳದ ಅಂಚಿನಲ್ಲಿ ಕೂರುತ್ತಿದ್ದಳು. ಇಬ್ಬರದ್ದೂ ಒಂದೇ ಓಟ; ರಾಜ್ಯ ಕೂಟಕ್ಕೆ ಅದರಲ್ಲಿ ಜಿಲ್ಲೆಯಿಂದ ಒಬ್ಬಳನ್ನೇ ಆರಿಸುವುದು. ಇಷ್ಟು ವರ್ಷ ಆ ಒಬ್ಬಳು ಸುಪ್ರೀತಾ.

“ಎಂತ ಮಾರಾಯ್ತಿ, ಎಮ್ಮೆ ಕೆರೆಗೆ ಇಳಿದ ಹಾಗೆ ಕಾಣ್ತದೆ.”

ಸುಪ್ರೀತಾ ಕಾಲು ಬಡಿಯುತ್ತಲೇ ಇದ್ದಳು.

“ಈ ಸಲ ನಾನೇ. ನೀನು ನೀರಲ್ಲೇ ಇರು.”

“ನಿನಗೆ ಬೇರೆ ಕೆಲಸ ಇಲ್ವಾ?”

“ನಿನ್ನನ್ನು ಹೀಗೆ ನೋಡುವುದಕ್ಕಿಂತ ದೊಡ್ಡ ಕೆಲಸ ಎಂತ ಉಂಟು?”

ಸುಪ್ರೀತಾ ಹಲ್ಲು ಕಚ್ಚಿ ಇನ್ನೂ ಜೋರಾಗಿ ಕಾಲು ಬಡಿದಳು. ಬೇಸರ ಬಂದಾಗಲೆಲ್ಲ ಆ ನಗುವ ಮುಖವನ್ನು ಒಮ್ಮೆ ನೋಡಿದರೆ ಸಾಕಿತ್ತು.

ಮೈದಾನದಲ್ಲಿ ಕೊನೆಯ ವಿಸಿಲ್ ಆದ ಮೇಲೆ ಲವೀನಾ ಚಪ್ಪಲಿ ಮೆಟ್ಟಿಕೊಂಡು ಹೋದಳು. ಟವಲ್ ಹಿಡಿದು ನಿಂತಿದ್ದ ಅಮ್ಮ ರೇಗಿದಳು.

“ಡಾಕ್ಟರು ಓಡಬಹುದು ಅಂತ ಹೇಳಿ ವಾರ ಆಯ್ತು. ಸಂಜೆ ಕಡಲ ಬದಿಯಲ್ಲಿ ಓಡ್ತಿ, ಬೆಳಿಗ್ಗೆ ಪುನಃ ಈ ನೀರು ಎಂತಕ್ಕೆ? ಅವಳ ಬಾಯಿಂದ ಹೇಳಿಸಿಕೊಳ್ಳಲಿಕ್ಕಾ?”

“ಮೆಲ್ಲ ಮಾತಾಡಮ್ಮ. ನಾನು ಇಲ್ಲಿಗೆ ಬರದಿದ್ರೆ ಅವಳು ಪ್ರಾಕ್ಟೀಸಿಗೆ ಹೋಗ್ತಾಳೆ.”