ಮೇಸ್ತ್ರಿಯ ಎಡಗೈ

ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡಿದ್ದ ಮೇಸ್ತ್ರಿ, ಗ್ಯಾರೇಜಿನ ಹಳೆಯ ವ್ಯಾನಿನೊಳಗೆ ಕುಳಿತು ಒಂದೇ ಸಮನೆ ಹಾರ್ನ್ ಒತ್ತುತ್ತಿದ್ದರು. ಎಂಜಿನ್ ಕಾದು ರೇಡಿಯೇಟರ್ ಕುದಿಯುತ್ತಿದ್ದರೂ ಅದರ ಫ್ಯಾನ್ ತಿರುಗುತ್ತಿರಲಿಲ್ಲ. ಮಗಳು ಫ್ಯೂಸ್ ನೋಡಿದ್ದಳು, ಸರಿಯಿತ್ತು. ಬ್ಯಾಟರಿಯಿಂದ ನೇರವಾಗಿ ತಂತಿ ಕೊಟ್ಟರೆ ಮೋಟಾರು ತಿರುಗುತ್ತಿತ್ತು.

"ಅಪ್ಪಾ, ಸಾಕು ಮಾಡಪ್ಪಾ, ಮೊದಲೇ ತಲೆ ಕೆಟ್ಟಿದೆ!"

"ಬೈಬೇಡ ಕಣೇ. ಅವರಿಗೆ ಈಗ ಏನೂ ತಿಳಿಯಲ್ಲ," ಎಂದು ಅಮ್ಮ ಕಣ್ಣೊರೆಸಿಕೊಂಡಳು.

ಮಗಳು ವ್ಯಾನಿನ ಕಿಟಕಿಯ ಬಳಿ ಬಂದಳು. ಅಪ್ಪ ಮತ್ತೊಮ್ಮೆ ಹಾರ್ನ್ ಒತ್ತಿ, ಎಡಗೈಯ ಎರಡು ಬೆರಳುಗಳನ್ನು ಒಂದರ ಜಾಗಕ್ಕೆ ಇನ್ನೊಂದನ್ನು ತಂದು ತೋರಿಸಿದರು. ಹಾರ್ನ್ ಕೂಗುತ್ತಿದೆ ಎಂದರೆ ಅದಕ್ಕೆ ವಿದ್ಯುತ್ ಹಾಯಿಸುವ ಪುಟ್ಟ ಸ್ವಿಚ್ಚು, ಅದರ ರಿಲೇ, ಸರಿಯಿದೆ; ಫ್ಯಾನಿನದೂ ಅಂಥದ್ದೇ. ಅವಳು ಓಡಿಹೋಗಿ ಹಾರ್ನಿನ ರಿಲೇಯನ್ನು ಕಿತ್ತು ಫ್ಯಾನಿನ ರಿಲೇಯ ಜಾಗದಲ್ಲಿ ಒತ್ತಿದಳು. ಫ್ಯಾನ್ ಗಿರ್ರೆಂದು ತಿರುಗಿತು.

ಮಗಳು ಕೈ ಒರೆಸಿಕೊಂಡು ಕಿಟಕಿಗೆ ಮರಳಿದಳು. "ಮೇಸ್ತ್ರಿಗಳೇ," ಎಂದಳು, "ಮುಂದಿನ ಗಾಡಿ ಒಳಗೆ ತರಲಾ?"