ಬಂಡೆಯ ಬುಡದ ಕುರಿ

ದುರ್ಬೀನಿನಲ್ಲಿ ಮೊದಲು ಕಂಡಿದ್ದು ಕಾಗೆಗಳು, ಆಮೇಲೆ ಕುರಿ. ಸತ್ತ ಕುರಿ. ಪ್ರಾಣಿಗಳಿಗೆ ಕಾಣದಂತೆ ಕೂತು ನೋಡಲು ಕಟ್ಟಿದ ಮರದ ಅಡಗುಮನೆಯಿಂದ ಇನ್ನೂರು ಹೆಜ್ಜೆ ದೂರದ ಬಂಡೆಯ ಬುಡದಲ್ಲಿ ಹೊಟ್ಟೆ ಊದಿಸಿಕೊಂಡು ಬಿದ್ದಿತ್ತು. ನಿನ್ನೆ ಸಂಜೆ ಅಲ್ಲಿ ಏನೂ ಇರಲಿಲ್ಲ. ಪ್ರವಾಸಿಗಳಿಗೆ ತೋಳ ತೋರಿಸುವ ಕೆಲಸದ, ಊರವರು ತೋಳದಕ್ಕ ಎಂದೇ ಕರೆಯುವ ಹೆಂಗಸು ದುರ್ಬೀನು ಇಳಿಸಿ ಪಕ್ಕದಲ್ಲಿ ಕುಳಿತಿದ್ದ ವಸತಿಗೃಹದ ಮ್ಯಾನೇಜರನ ಕಡೆ ತಿರುಗಿದಳು. ಒಂದು ದಿನವೂ ಪ್ರವಾಸಿಗಳ ಜೊತೆ ಬೆಟ್ಟ ಹತ್ತದ ಮನುಷ್ಯ ಇವತ್ತು ಈ ಚಳಿಯಲ್ಲಿ ತಾನಾಗಿ ಯಾಕೆ ಬಂದ ಎಂದು ಅವಳಿಗೆ ಈಗ ಗೊತ್ತಾಯಿತು.

"ಯಾರು ಹಾಕಿಸಿದ್ದು?" ಎಂದು ಪಿಸುಗುಟ್ಟಿದಳು. ಕಿಟಕಿಯ ಸೀಳಿನ ಮುಂದೆ ಆರು ಜನ ಪ್ರವಾಸಿಗಳು ಕ್ಯಾಮೆರಾ ಹಿಡಿದು, ಉಸಿರಾಡುವುದಕ್ಕೂ ಅಪ್ಪಣೆ ಬೇಕೇನೋ ಎಂಬಂತೆ ಕುಳಿತಿದ್ದರು.

"ಮೂರು ದಿನದಿಂದ ಬರೀ ಹೆಜ್ಜೆಗುರುತು, ಹಿಕ್ಕೆ ತೋರಿಸ್ತಿದ್ದೀಯ. ತೋಳ ನೋಡೋಕೆ ಬಂದವರು ಹಿಕ್ಕೆ ನೋಡ್ಕೊಂಡು ಮನೆಗೆ ಹೋಗ್ತಾರಾ? ಸತ್ತ ಕುರಿ ತಾನೆ. ನಾನೇನು ಕೊಂದು ಹಾಕಿದ್ನಾ?"

"ಇಲ್ಲಿಂದ ಕೆಳಗಿನ ದೊಡ್ಡಿಗಳಿಗೆ ಕಾಲು ಗಂಟೆ ದಾರಿ. ಇವತ್ತು ಇಲ್ಲಿ ತಿಂದ ತೋಳ ನಾಳೆ ಅಲ್ಲಿ ಹುಡುಕುತ್ತೆ."

"ನಾಳೇದು ನಾಳೆ ನೋಡೋಣ. ಈಗ ಸುಮ್ಮನೆ ಕೂತ್ಕೋ."

ಅವಳು ಸುಮ್ಮನೆ ಕೂರುವವಳಾಗಿದ್ದರೆ ಆ ಬೆಟ್ಟದಲ್ಲಿ ತೋಳವೇ ಉಳಿಯುತ್ತಿರಲಿಲ್ಲ. ಹತ್ತು ವರ್ಷದ ಹಿಂದೆ ಕುರಿಗಾರರ ಮನೆ ಮನೆಗೆ ಹೋಗಿ, ಬೈಸಿಕೊಂಡು, ಬಾಗಿಲು ಹಾಕಿಸಿಕೊಂಡು ಮತ್ತೆ ಮತ್ತೆ ತಟ್ಟಿ, ತೋಳಗಳಿಗೆಂದು ಅವರು ಬಚ್ಚಿಟ್ಟಿದ್ದ ವಿಷದ ಡಬ್ಬಿಗಳನ್ನು ಹೊರಗೆ ತರಿಸಿದವಳು ಅವಳು. ಒಪ್ಪಂದ ಒಂದೇ ಮಾತಿನದು. ಕುರಿ ಸತ್ತರೆ ಹೊತ್ತುಕೊಂಡು ಹೋಗಿ ಶಿಖರದ ಆಚೆ ಮಗ್ಗುಲಿಗೆ ಹಾಕುವುದು, ಈಚೆಗೆ ತುಂಡು ಮಾಂಸವೂ ಬೀಳಬಾರದು. ಎಲ್ಲರಿಗಿಂತ ಕೊನೆಗೆ ಡಬ್ಬಿ ಕೊಟ್ಟವನು ಅವಳ ಸ್ವಂತ ತಮ್ಮ. ಒಂದೇ ಒಂದು ತೋಳ ದೊಡ್ಡಿಗೆ ಬಂದರೂ ಹೊಸ ಡಬ್ಬಿ ತರುತ್ತೇನೆ ಎಂದು ಹೇಳಿಯೇ ಕೊಟ್ಟಿದ್ದ.

"ಬಂತು," ಎಂದಳು ಪ್ರವಾಸಿಗಳಲ್ಲಿ ಹಿರಿಯಳಾದ ಅಜ್ಜಿ, ಕೇಳಿಯೂ ಕೇಳದಷ್ಟು ಮೆಲ್ಲಗೆ.

ಮೇಲಿನ ಪೊದೆಗಳ ನಡುವಿನಿಂದ ತಾಯಿ ತೋಳ ಇಳಿಯುತ್ತಿತ್ತು. ಹಿಂದೆ ಎರಡು ಮರಿ, ಕಾಲು ಉದ್ದವಾಗಿ ಮೈ ಇನ್ನೂ ತುಂಬದವು. ಚಳಿಗಾಲವಿಡೀ ಹುಡುಕಿದರೂ ಕಾಣದೆ, ಸತ್ತೇ ಹೋಯಿತೇನೋ ಎಂದು ತೋಳದಕ್ಕ ಒಳಗೊಳಗೇ ಕೊರಗಿದ್ದು ಇದೇ ತಾಯಿಗಾಗಿ. ಈಗ ಮರಿಗಳನ್ನು ಕಟ್ಟಿಕೊಂಡು ಬಂದದ್ದು ನೋಡಿ ಅವಳಿಗೆ ಇನ್ನೊಂದು ಗಳಿಗೆ ನೋಡೋಣ ಎನಿಸಿತು. ನೋಡಿದಳು. ಒಂದು ಮರಿ ಕುರಿಯ ಕಡೆ ಮೂಗು ಚಾಚಿದ್ದೇ ತಡ, ಎದ್ದು ಬಾಗಿಲನ್ನು ಒದ್ದು ತೆರೆದಳು.

ಆಮೇಲೆ ಆರು ಕ್ಯಾಮೆರಾಗಳಲ್ಲೂ ತುಂಬಿಕೊಂಡದ್ದು ಅವಳೇ. ಇಳಿಜಾರಿನಲ್ಲಿ ಓಡಿದಳು, ಬಾಯಿ ಬಡಿದುಕೊಂಡು ಕೂಗಿದಳು, ಕೈಗೆ ಸಿಕ್ಕ ಕಲ್ಲನ್ನೆಲ್ಲ ಬೀಸಿದಳು. ಒಂದು ಕಲ್ಲು ತಾಯಿಯ ಬೆನ್ನಿಗೇ ಬಿತ್ತು. ಬೀಳಲೆಂದೇ ಎಸೆದದ್ದು, ಆದರೂ ಅವಳಿಗೆ ಚುರುಕ್ಕೆಂದಿತು. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಮೂರೂ ಮಾಯ.

ಕುರಿಯ ಬಳಿ ಬಗ್ಗಿ ನೋಡಿದಾಗ ಎಡಗಿವಿಯಲ್ಲಿ ಎರಡು ಕಚ್ಚು ಕಂಡವು. ಅಪ್ಪನ ಕಾಲದಿಂದ ಅವರ ಮನೆಯ ಕುರಿಗಳಿಗೆ ಹಾಕುವ ಗುರುತು. ಮ್ಯಾನೇಜರನ ಮೇಲಿದ್ದ ಸಿಟ್ಟಿನಲ್ಲಿ ಇಷ್ಟು ನೋವಿರಲಿಲ್ಲ.

ಅಷ್ಟರಲ್ಲಿ ಸ್ವಲ್ಪ ಕೆಳಗೆ ಕುರಿ ಮೇಯಿಸುತ್ತಿದ್ದ ತಮ್ಮ ದೊಣ್ಣೆ ಹಿಡಿದು ಏದುಸಿರು ಬಿಡುತ್ತ ಓಡಿ ಬಂದ. ಆ ಬೆಟ್ಟದಲ್ಲಿ ತೋಳ ಓಡಿಸುವ ಕೂಗು ಕಿವಿಗೆ ಬಿದ್ದರೆ, ಮಾತು ಬಿಟ್ಟವರೂ ಕೆಲಸ ಬಿಟ್ಟು ಓಡಿ ಬರಲೇಬೇಕು.

"ಅಕ್ಕಾ, ತೋಳ ಬಂತಾ?"

"ಬಂದಿತ್ತು. ನೀನೇ ಕರೆದಿದ್ದೆಯಲ್ಲ, ಊಟಕ್ಕೆ."

ಅವನು ಕುರಿಯನ್ನು ನೋಡಿದ. ಮುಖ ಹುಳ್ಳಗಾಯಿತು. "ಮ್ಯಾನೇಜರು ಕೇಳಿದ್ರು. ಶಿಖರದವರೆಗೆ ಹೊತ್ತುಕೊಂಡು ಹೋಗೋದು ತಪ್ಪಿತಲ್ಲ ಅಂತ ನಾನೂ..."

"ತಪ್ಪಲಿಲ್ಲ. ಹಿಂಗಾಲು ಹಿಡಿ."

ಅವನು ದೊಣ್ಣೆ ಕೆಳಗಿಟ್ಟು ಹಿಡಿದ. ಮ್ಯಾನೇಜರು ಅಷ್ಟೊತ್ತಿಗೆ ಜಾರುತ್ತ, ಕೈಯೂರುತ್ತ ಇಳಿದು ಬಂದು ನಿಂತಿದ್ದ. "ನಾಳೆಯಿಂದ ನೀನು ಬರೋದು ಬೇಡ," ಎಂದ.

"ಬರ್ತೀನಿ. ನಿಮ್ಮವರನ್ನ ಕರ್ಕೊಂಡು ಬರೋಕಲ್ಲ, ನೀವು ಇಲ್ಲಿ ಏನು ಹಾಕಿದ್ದೀರಿ ಅಂತ ನೋಡೋಕೆ. ದಿನಾ ಬರ್ತೀನಿ."

ಮುಂಗಾಲು ಹಿಡಿದು ಎತ್ತುವಾಗ ಅಜ್ಜಿ ಕೋಲೂರಿಕೊಂಡು ಹತ್ತಿರ ಬಂದಳು. ಬೈಯುತ್ತಾಳೆಂದುಕೊಂಡರೆ ಕ್ಯಾಮೆರಾದ ಹಿಂಬದಿಯ ಪುಟ್ಟ ಪರದೆಯನ್ನು ತೋರಿಸಿದಳು. ಒಂದೇ ಒಂದು ಚಿತ್ರ ಸಿಕ್ಕಿತ್ತು. ತಾಯಿ ತೋಳ ಓಡುತ್ತಲೇ ತಿರುಗಿ ನೋಡಿದ್ದು, ಕಿವಿ ಹಿಂದಕ್ಕೆ ಅಂಟಿದ್ದು, ಕಣ್ಣು ಅಗಲವಾದದ್ದು.

"ಎಷ್ಟು ಹೆದರಿದೆ ನೋಡಮ್ಮ, ಪಾಪ," ಎಂದಳು.

ತೋಳದಕ್ಕ ಕುರಿಯ ಭಾರ ಹೊತ್ತೇ ಬಗ್ಗಿ ಆ ಚಿತ್ರವನ್ನು ತುಂಬ ಹೊತ್ತು ನೋಡಿದಳು.

"ಹೆದರ್ಲಿ ಅಜ್ಜಿ. ನಮ್ಮನ್ನ ಕಂಡು ಹೆದರ್ತಾ ಇರೋವರೆಗೂ ಅದು ಬದುಕಿರುತ್ತೆ."