ಏಳನೆಯ ಕುಣಿ

ಈಗಲೇ ಕೂಗಿ ಹೇಳಿಬಿಡಲೇ, ಅವರು ಹತ್ತಿರ ಬಂದ ಮೇಲೆ ತೋರಿಸಲೇ? ಕೂಗಿದರೂ ಹಳ್ಳದಾಚೆಗೆ ಕೇಳಿಸೀತೋ ಇಲ್ಲವೋ. ಅಷ್ಟಕ್ಕೂ ತಾನು ಕಂಡದ್ದು ನಿಜವೇ? ಹುಚ್ಚೇಶ ಮತ್ತೊಮ್ಮೆ ಬಗ್ಗಿ ನೋಡಿದ. ಬಾವುಟದ ಕೋಲಿನ ಬುಡದಲ್ಲಿ, ಏಳನೆಯ ಕುಣಿಗೆಂದು ನೆಲ ತೋಡಿ ತಾನೇ ಕೊಯ್ದು ಕೂರಿಸಿದ್ದ ಪೈಪಿನ ತುಂಡಿನೊಳಗೆ, ಬಿಳಿಯ ಚೆಂಡು ತಣ್ಣಗೆ ಕುಳಿತಿತ್ತು. ಹಳ್ಳದ ಆ ದಂಡೆಯಿಂದ ಹೊಡೆದದ್ದು ಬಂಡೆಯ ದಿನ್ನೆ ದಾಟಿ ಬಂದು, ಎರಡು ಸಲ ಪುಟಿದು, ಉರುಳಿ, ಟಕ್ ಎಂದು ಬಿದ್ದಿತ್ತು. ಒಂದೇ ಏಟಿಗೆ. ದಿನ್ನೆ ಅಡ್ಡವಿದ್ದುದರಿಂದ ಹೊಡೆದವನಿಗೇ ಅದು ಕಂಡಿರಲಿಲ್ಲ.

ಕಮತಗಿಯ ಹೊರಗೆ, ಮುಚ್ಚಿಹೋದ ಕಾರ್ಖಾನೆಯೊಂದರ ಈ ಒಂಬತ್ತು ಕುಣಿಯ ಗಾಲ್ಫ್ ಮೈದಾನವನ್ನು ಹುಚ್ಚೇಶ ಇಪ್ಪತ್ತೆರಡು ವರ್ಷದಿಂದ ನೋಡಿಕೊಳ್ಳುತ್ತಿದ್ದ. ಗರಸು ನೆಲ, ಹುಲ್ಲು ಬೆಳೆಸಲು ನೀರಿಲ್ಲ. ಅದಕ್ಕೇ ಪ್ರತಿ ಕುಣಿಯ ಸುತ್ತ ಮರಳು ಹಾಸಿ, ಟ್ರ್ಯಾಕ್ಟರ್ ಗ್ಯಾರೇಜಿನಿಂದ ಸುಟ್ಟ ಆಯಿಲ್ ತಂದು ಕಲಸಿ, ಗೋಣಿಚೀಲ ಸುತ್ತಿದ ಪೈಪನ್ನು ದಿನಾ ಎಳೆದೆಳೆದು ಪಡಸಾಲೆಯಂತೆ ಸಮ ಮಾಡಿದ್ದ. ಉಳಿದ ಕಡೆ ಬೆಳೆದಷ್ಟು ಹುಲ್ಲನ್ನು ಅವನ ಕುರಿಗಳು ಮೇಯುತ್ತಿದ್ದವು. ಈ ಮೈದಾನ ಮಾಡಿಸಿದ ಹಳೆಯ ಎಂಜಿನಿಯರರು ಹೇಳುತ್ತಿದ್ದರು: "ಒಂದ ಏಟಿಗೆ ಕುಣಿಗೆ ಹಾಕಿದಾಂವ ಹೇಣ್ತಿ ಹೆಸರ ಮರತಾನು, ಆ ಜಾಗಾ ಮಾತ್ರ ಮರಿಯೂದಿಲ್ಲೋ ಹುಚ್ಚೇಶಾ."

ಇವತ್ತು ಆಡಲು ಬಂದು ಆ ಏಟು ಹೊಡೆದವನು ಸುನೀಲಕುಮಾರ, ಬೆಂಗಳೂರಿನ ಪತ್ರಿಕೆಯವನು. ರಾಜ್ಯದ ಹತ್ತು ಒಳ್ಳೆಯ ಗಾಲ್ಫ್ ಮೈದಾನಗಳ ಬಗ್ಗೆ ಬರೆಯುತ್ತಿದ್ದ. ಆ ಹತ್ತರಲ್ಲಿ ಹೆಸರು ಬಂದರೆ ಜಾಗ ಉಳಿಯುತ್ತದೆ, ಇಲ್ಲದಿದ್ದರೆ ಮಾಲೀಕರು ಸೈಟು ಹಾಕಿ ಮಾರುತ್ತಾರೆ ಎಂದು ಕ್ಲಬ್ಬಿನ ಕಾರ್ಯದರ್ಶಿ ಸಂಗಮೇಶ ಮುಂಜಾನೆಯೇ ಹೇಳಿದ್ದ. ಹಳ್ಳ ಸುತ್ತಿಕೊಂಡು ಅವರಿಬ್ಬರೂ ಏರಿ ಬರುವುದನ್ನು ನೋಡುತ್ತ ಹುಚ್ಚೇಶನಿಗೆ ಒಳಗೊಳಗೇ ನಗು ಬಂತು. ಬರಲಿ. ಕೈಹಿಡಿದು ಕರೆದು ತೋರಿಸಿದರಾಯಿತು.

ಸುನೀಲಕುಮಾರ ಕಪ್ಪು ಮರಳಿನ ಅಂಚಿಗೆ ಬಂದು ಒಂದು ಕಾಲಿಟ್ಟವನು ತಟ್ಟನೆ ಹಿಂದೆಗೆದ. ಬಿಳಿಯ ಶೂ ಎತ್ತಿ ಅಟ್ಟೆ ನೋಡಿಕೊಂಡ.

"ಏನ್ರೀ ಇದು, ಟಾರಾ?"

"ಸುಟ್ಟ ಆಯಿಲ್ ಕಲಸಿದ ಉಸುಕ ರೀ. ಚೆಂಡ ಭಾಳ ನೆಟ್ಟಗ ಉರುಳತೈತ್ರಿ," ಹುಚ್ಚೇಶ ಎರಡು ಹೆಜ್ಜೆ ಮುಂದೆ ಬಂದ. "ಒಳಗ ಬರ್ರಿ ಸಾಹೇಬ್ರ, ಒಂದೀಟ ಇಲ್ಲಿ..."

"ಬೇಡಪ್ಪ. ಶೂ ಹಾಳಾದ್ರೆ ನೀನು ಕೊಡಿಸ್ತೀಯಾ?" ಸುನೀಲಕುಮಾರ ಸಂಗಮೇಶನ ಕಡೆ ತಿರುಗಿದ. "ಬೆಳಗಾವೀಲಿ ಆಡಿದೀನಿ, ಊಟೀಲಿ ಆಡಿದೀನಿ. ಇದನ್ನೂ ಆ ಸಾಲಿಗೆ ಸೇರಿಸಿದ್ರೆ ಜನ ನನ್ನ ನೋಡಿ ನಗ್ತಾರೆ. ಪಕ್ಕದಲ್ಲೇ ಬಾದಾಮಿ, ಐಹೊಳೆ ಇರುವಾಗ ಈ ಗ್ಯಾರೇಜು ನೋಡೋಕೆ ಯಾರು ಬರ್ತಾರೆ?"

ಸಂಗಮೇಶ ನಕ್ಕ. ನಕ್ಕೇಬಿಟ್ಟ. "ಇದನ್ನೆಲ್ಲಾ ಕಿತ್ತ ಒಗಸ್ತೇವ್ರಿ. ಚಲೋ ಹುಲ್ಲ ಹಾಕಸ್ತೇವ್ರಿ. ಇಂವಾ ಕುರಿ ಕಾಯಾಂವ್ರಿ ಸಾಹೇಬ್ರ, ಇವಗೇನ ತಿಳೀತೈತಿ ಆಟ."

ಹೋದ ವಾರ ಇದೇ ಸಂಗಮೇಶ ಇದೇ ಮರಳಿನ ಮೇಲೆ ಬರಿಗಾಲಲ್ಲಿ ನಿಂತು, "ಗಾಜ ಗಾಜ ಆಗೇತಲ್ಲಲೇ," ಎಂದಿದ್ದ. ಹುಚ್ಚೇಶನ ಕಿವಿ ಕಾದವು. ಉಗುರಿನ ಸಂದಿನ ಕಪ್ಪು ಎಣ್ಣೆ ಕಾಣದ ಹಾಗೆ ಮುಷ್ಟಿ ಬಿಗಿದ. ಯಾಕೆ ಮುಚ್ಚಬೇಕೆಂದು ಮತ್ತೆ ಬಿಚ್ಚಿದ.

"ಅಂದ ಹಾಗೆ, ನನ್ನ ಚೆಂಡು?" ಸುನೀಲಕುಮಾರ ಅಲ್ಲೇ ನಿಂತು ಕಣ್ಣಾಡಿಸಿದ. "ಮೂವತ್ತು ವರ್ಷ ಆಡಿದೀನಿ, ಒಂದೇ ಏಟಿಗೆ ಒಂದು ಸಲಾನೂ ಬಿದ್ದಿಲ್ಲ. ಅದೊಂದೇ ಕೊರಗು ನಂಗೆ. ಸಿಕ್ಕ ಸಿಕ್ಕ ಕಡೆ ಪುಟಿಯೋ ಈ ನೆಲದಲ್ಲಂತೂ ಬಿಡಿ."

"ಎಲ್ಲಿ ಬಿತ್ತಲೇ ಹುಚ್ಚೇಶಾ?"

ನಾಲ್ಕು ಹೆಜ್ಜೆಯಾಚೆ ಕುಣಿ ಇತ್ತು. ಹುಚ್ಚೇಶ ಬಾಯಿ ತೆರೆದ. ಒಂದು ಮಾತು ಸಾಕು. ಈ ಮನುಷ್ಯ ಶೂ ಸಮೇತ ಮರಳಿಗೆ ನುಗ್ಗುತ್ತಾನೆ, ಮಂಡಿಯೂರುತ್ತಾನೆ, ಫೋಟೊ ಹೊಡೆಸಿಕೊಳ್ಳುತ್ತಾನೆ, ಕೈಗೆ ಹತ್ತಿದ ಆಯಿಲ್ ಒರೆಸಿಕೊಳ್ಳುವುದನ್ನೂ ಮರೆಯುತ್ತಾನೆ. ಆಮೇಲೆ ಇಂಥ ಮೈದಾನ ಎಲ್ಲೂ ಇಲ್ಲವೆಂದು ಬರೆಯುತ್ತಾನೆ. ಇಪ್ಪತ್ತೆರಡು ವರ್ಷ ಎಳೆದ ಮರಳಿಗಾಗಿ ಅಲ್ಲ, ತಾನು ಹೊಡೆದ ಒಂದು ಏಟಿಗಾಗಿ. ಹುಚ್ಚೇಶ ಆ ಬಿಳಿಯ ಶೂಗಳನ್ನು ನೋಡಿದ. ಬಾಯಿ ಮುಚ್ಚಿ, ಮುಖವನ್ನು ದೂರದ ಜಾಲಿಕಂಟಿಯ ಕಡೆ ತಿರುಗಿಸಿದ.

"ಕಂಟ್ಯಾಗ ಹೋಗಿರಬೇಕ್ರಿ," ಉತ್ತರವನ್ನೂ ಸಂಗಮೇಶನೇ ಕೊಟ್ಟ.

"ಹೋಗ್ಲಿ ಬಿಡಿ. ಗುಹೆ ಮುಚ್ಚೋದ್ರೊಳಗೆ ಬಾದಾಮಿ ತಲುಪಬೇಕು." ಸುನೀಲಕುಮಾರ ಶೂವಿನ ಅಟ್ಟೆಯನ್ನು ಕಲ್ಲಿಗೆ ತಿಕ್ಕಿ ತಿಕ್ಕಿ ಒರೆಸಿ ಇಳಿದುಹೋದ.

ಕಾರಿನ ಧೂಳು ಅಡಗಿತು. ಎಣ್ಣೆಮರಳಿನ ಮೇಲೆ ಚೆಂಡು ಉರುಳಿದ ಸಣ್ಣ ಗೆರೆ ದಿನ್ನೆಯ ಕಡೆಯಿಂದ ಕುಣಿಯವರೆಗೆ ಸೂಜಿಯಿಂದ ಗೀರಿದ ಹಾಗೆ ನೆಟ್ಟಗೆ ಕಾಣುತ್ತಿತ್ತು. ಹುಚ್ಚೇಶ ಚೆಂಡನ್ನು ತೆಗೆದು ಜೇಬಿಗೆ ಹಾಕಿಕೊಂಡ. ಗೋಣಿ ಸುತ್ತಿದ ಪೈಪು ತಂದು ಒಂದೇ ಎಳೆತಕ್ಕೆ ಗೆರೆಯನ್ನು ಅಳಿಸಿದ.

ಮುಂದಿನ ತಿಂಗಳು ಸೈಟಿನವರು ಏಳನೆಯ ಕುಣಿಯ ಮೇಲೆ ಸುಣ್ಣದ ಪಟ್ಟೆ ಎಳೆಯುವಾಗ ಸಂಗಮೇಶ ಅವನ ಹೆಗಲ ಮೇಲೆ ಕೈಯಿಟ್ಟು, "ನಮ್ಮ ನಸೀಬದಾಗ ಇರಲಿಲ್ಲ ಬಿಡಲೇ," ಎಂದ.

ಚೆಂಡು ಒಂದೇ ಏಟಿಗೆ ಕುಣಿಗೆ ಬಿದ್ದಿತ್ತೆಂದು ಹುಚ್ಚೇಶ ಅವನಿಗೂ ಹೇಳಲಿಲ್ಲ.